ದೇವರ ಜೊತೆ ಮಾತು ಬಿಟ್ಟವರ ತೆನೆ ಹಬ್ಬ

ಗುರುಗಳೇ, ಸಿಸ್ಟರ್‌ಗಳೇ, ಬಂಧುಗಳೇ,

ಇವತ್ತು ಸೆಪ್ಟೆಂಬರ್ 5. ಮಕ್ಕಳು ಬೆಳಿಗ್ಗೆ ಶಾಲೆಯಲ್ಲಿ ಟೀಚರ್‌ಗೆ ಹೂ ಕೊಟ್ಟರು, ಆಮೇಲೆ ಇಲ್ಲಿ ಬಾಲ ಮರಿಯಮ್ಮನಿಗೂ ಹಾಕಿದರು. ಊರಲ್ಲಿ ಒಂದು ದಾಸವಾಳವೂ ಉಳಿದಿರಲಿಕ್ಕಿಲ್ಲ! ಮೊಂತಿ ಹಬ್ಬ ಅಂದರೆ ಮರಿಯಮ್ಮನ ಹುಟ್ಟುಹಬ್ಬ, ನಮ್ಮ ಹೊಸ ತೆನೆಯ ಹಬ್ಬ. ಅದಕ್ಕೆ ಮುಂಚಿನ ಒಂಬತ್ತು ದಿನದ ಪ್ರಾರ್ಥನೆ, ನೊವೇನಾ, ಅದರ ನಡುವೆಯೇ ಮದರ್ ತೆರೇಸಾ ಅವರ ಹಬ್ಬವೂ ಬರುತ್ತದೆ. 1997ರಲ್ಲಿ ಅವರು ತೀರಿಕೊಂಡದ್ದು ಇದೇ ದಿನ. ಫಾದರ್ ನನಗೆ ಕೊಟ್ಟ ವಿಷಯ ಕೃತಜ್ಞತೆ. ಮದರ್ ಅವರಿಂದಲೇ ಶುರುಮಾಡುತ್ತೇನೆ.

ಅವರು ತಮ್ಮ ಗುರುಗಳಿಗೆ ಬರೆದ ಪತ್ರಗಳ ವಿಷಯ ನಿಮಗೆ ಗೊತ್ತಿದೆ. ನಾಶ ಮಾಡಿಬಿಡಿ ಅಂತ ಅವರೇ ಕೇಳಿಕೊಂಡಿದ್ದರು. ಗುರುಗಳು ಇಟ್ಟುಕೊಂಡರು, 2007ರಲ್ಲಿ ಅಚ್ಚಾದವು. ಕೋಲ್ಕತ್ತದ ಬಡವರ ನಡುವೆ ಕೆಲಸ ಶುರುಮಾಡಿದ ಕಾಲದಿಂದ ಹತ್ತಿರಹತ್ತಿರ ಐವತ್ತು ವರ್ಷ, ನಡುವೆ ಕೆಲವೇ ವಾರ ಬಿಟ್ಟರೆ, ದೇವರು ಹತ್ತಿರ ಇದ್ದಾನೆ ಅಂತ ಅವರಿಗೆ ಅನ್ನಿಸಲೇ ಇಲ್ಲ. ಒಳಗೆಲ್ಲ ಕತ್ತಲೆ. ಆದರೂ ದಿನಾ ಪೂಜೆ, ದಿನಾ ಪ್ರಾರ್ಥನೆ, ಗಾಯ ತೊಳೆಯುವ ಕೆಲಸ. ಹಾಗಾದರೆ ಅದೆಲ್ಲ ನಾಟಕವಾ ಅಂತ ಕೇಳಿದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕೃತಜ್ಞತೆ ಮನಸ್ಸಿಗೇ ಮೊದಲು ಬರಬೇಕು ಅಂತ ಯಾರು ಹೇಳಿದ್ದು? ಎಷ್ಟೋ ಸಲ ಅದು ಮೊದಲು ಕೈಗೆ ಬರುತ್ತದೆ.

ನನ್ನ ಚಿಕ್ಕಮ್ಮನ ಕಥೆ ಹೇಳುತ್ತೇನೆ. ಕೇಳಿದವರು ಇನ್ನೊಮ್ಮೆ ಕೇಳಿ. ಚಿಕ್ಕಪ್ಪ ಮಳೆಗಾಲದಲ್ಲಿ ಹೋಗಿಬಿಟ್ಟರು. ಚಿಕ್ಕಮ್ಮ ಜಪಸರ ಎತ್ತಿ ಡಬ್ಬಿಯಲ್ಲಿಟ್ಟರು. ಸಂಜೆ ತೇರ್ಸ್, ಅಂದರೆ ಮನೆಯವರೆಲ್ಲ ಜಪಸರ ಹೇಳುವ ಹೊತ್ತಿಗೆ ಅವರಿಗೆ ಹಟ್ಟಿಯಲ್ಲಿ ಏನಾದರೂ ಕೆಲಸ ಇದ್ದೇ ಇರುತ್ತಿತ್ತು. ಮೊಂತಿ ಹಬ್ಬ ಬಂತು. ಚರ್ಚಲ್ಲಿ ಆಶೀರ್ವದಿಸಿ ಹಂಚಿದ ತೆನೆ ಯಾರೋ ತಂದುಕೊಟ್ಟರು. ಈ ವರ್ಷ ಹೊಸ ಅಕ್ಕಿ ಊಟ ಬೇಡವೇನೋ ಅಂದುಕೊಂಡು ನಾವು ಸುಮ್ನಿದ್ದೆವು. ಅವರು ಕಿಟಕಿ ಹತ್ತಿರ ಕೂತರು. ಒಂದೊಂದೇ ಭತ್ತ ಉಗುರಲ್ಲಿ ಸುಲಿದರು. ಸ್ವಲ್ಪ ಅರೆದು ಹಾಲಿಗೆ ಹಾಕಿದರು. ನಾಲ್ಕು ಕಾಳು ಕಾಗದದಲ್ಲಿ ಮಡಚಿ ಕುವೈತ್‌ನಲ್ಲಿದ್ದ ಮಗನಿಗೆ ಕವರಿಗೆ ಹಾಕಿದರು. ನಮ್ಮ ಅಂಚೆಯವರ ಮೊಹರು ಗೊತ್ತಲ್ವಾ, ಅದು ಬಿದ್ದರೆ ಕಾಳು ಹೋಗುವಷ್ಟರಲ್ಲಿ ಹಿಟ್ಟು! ಪುಣ್ಯಕ್ಕೆ ಅವನಿಗೆ ಅರೆಯುವ ಕೆಲಸ ತಪ್ಪಿತು.

ನಾನು ತಡೆಯಲಾರದೆ ಕೇಳಿದೆ, “ಚಿಕ್ಕಮ್ಮ, ದೇವರ ಮೇಲಿನ ಕೋಪ ಹೋಯ್ತಾ?” ತಲೆ ಎತ್ತದೆ ಹೇಳಿದರು: “ಅವನ ಜೊತೆ ನಂಗೆ ಮಾತಿಲ್ಲ. ಆದ್ರೆ ಅಕ್ಕಿ ಅವನದ್ದೇ ಅಲ್ವಾ.”

ಇದನ್ನೇ ನಾನು ಕೈಗೆ ಬರುವ ಕೃತಜ್ಞತೆ ಅನ್ನುವುದು. ನಮ್ಮಲ್ಲಿ ಕೆಲವರಿಗೆ ಸಾವಿನ ಮನೆಯಲ್ಲೂ ಅವಸರ. “ಸ್ತೋತ್ರ ಹೇಳಿ, ಎಲ್ಲಾ ಸರಿಹೋಗುತ್ತೆ” ಅನ್ನುತ್ತಾರೆ. ಹೆಣ ಇನ್ನೂ ಅಂಗಳದಲ್ಲಿರುತ್ತದೆ! ಯೇಸು ಹಾಗೆ ಮಾಡಲಿಲ್ಲ. ತನ್ನನ್ನು ಹಿಡಿದುಕೊಡುವವನು ಯಾರು ಅಂತ ಗೊತ್ತಿದ್ದೂ ಕೊನೆಯ ಊಟದ ರಾತ್ರಿ ರೊಟ್ಟಿ ತೆಗೆದುಕೊಂಡು ದೇವರಿಗೆ ಸ್ತೋತ್ರ ಸಲ್ಲಿಸಿದರು. ಮಾರನೇ ದಿನ ಶಿಲುಬೆಯ ಮೇಲೆ “ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ” ಅಂತ ಕೂಗಿದರು. ಅದೇ ಬಾಯಿ. ನಡುವೆ ಒಂದು ದಿನವೂ ಪೂರ್ತಿ ಆಗಿಲ್ಲ. ಆ ಕೂಗಿನಿಂದ ಹಿಂದಿನ ರಾತ್ರಿಯ ಸ್ತೋತ್ರ ಸುಳ್ಳಾಯಿತಾ? ಇಲ್ಲ. ದಿನಾ ಪೂಜೆಯಲ್ಲಿ ನಾವು ಎರಡನ್ನೂ ಒಟ್ಟಿಗೇ ನೆನೆಯುತ್ತೇವೆ. ಮದರ್ ಅವರಿಗೂ ಗುರುಗಳಾದ ಜೋಸೆಫ್ ನೊಯ್ನರ್ ಅವರ ಸಹಾಯದಿಂದ ಇದು ಹೊಳೆಯಿತು. ತನ್ನ ಕತ್ತಲೆ ಯೇಸುವಿನ ಕತ್ತಲೆಯಲ್ಲೇ ಒಂದು ಪಾಲು ಅಂತ. ಕತ್ತಲೆ ಹೋಗಲಿಲ್ಲ, ಅದರ ಜೊತೆಗೇ ಕೆಲಸ ನಡೆಯಿತು.

ಫಾದರ್ ಗಡಿಯಾರ ನೋಡುತ್ತಿದ್ದಾರೆ. ಪೌಲರು ಸೆರೆಯಲ್ಲಿ ಕೂತು ಫಿಲಿಪ್ಪಿಯವರಿಗೆ ಬರೆದದ್ದು ಹೇಳಬೇಕಿತ್ತು, ಬಿಡುತ್ತೇನೆ. 88ನೇ ಕೀರ್ತನೆ ಮನೆಯಲ್ಲಿ ಓದಿ. ಉಳಿದ ಎಷ್ಟೋ ಗೋಳಿನ ಕೀರ್ತನೆಗಳು ಕೊನೆಗೆ ಹೊಗಳಿಕೆಗೆ ತಿರುಗುತ್ತವೆ, ಇದು ಕತ್ತಲೆಯಲ್ಲೇ ಮುಗಿಯುತ್ತದೆ. ಹಾಗೇ ಬೈಬಲ್‌ನಲ್ಲಿ ಇಟ್ಟಿದ್ದಾರೆ, ಯಾರೂ ತಿದ್ದಲಿಲ್ಲ.

ಒಂದೇ ಕೇಳಿಕೆ. 8ನೇ ತಾರೀಕು ತೆನೆ ಹಂಚುವಾಗ ಬಾರದ ಮನೆಗಳು ಇರುತ್ತವೆ. ಅವರ ಪಾಲಿನ ತೆನೆ ಪಕ್ಕದವರು ತಲುಪಿಸಿ. ಯಾಕೆ ಬರಲಿಲ್ಲ ಅಂತ ಮಾತ್ರ ಕೇಳಬೇಡಿ.