ಮಣ್ಣು ಮುಚ್ಚಿದ ಮೇಲೆ ಯಾರು ನೋಡುತ್ತಾರೆ? ಸೆಪ್ಟಿಕ್ ಟ್ಯಾಂಕ್ ಪರವಾನಗಿ ಬಗ್ಗೆ ಒಂದು ಉಪನ್ಯಾಸ

ಎಲ್ಲರಿಗೂ ನಮಸ್ಕಾರ. ವಿಷಯ ಸೆಪ್ಟಿಕ್ ಟ್ಯಾಂಕ್ ಅಂದ ಕೂಡಲೇ ಹಿಂದಿನ ಸಾಲಿನಲ್ಲಿ ಒಂದಿಬ್ಬರು ನಕ್ಕರು. ನಗಿ, ಪರವಾಗಿಲ್ಲ. ಮನೆ ಕಟ್ಟುವಾಗ ಟೈಲ್ಸ್ ಬಣ್ಣದ ಬಗ್ಗೆ ವಾರಗಟ್ಟಲೆ ಚರ್ಚೆ ಮಾಡುವವರು ಟ್ಯಾಂಕ್ ಎಲ್ಲಿ ಬರಬೇಕು ಅನ್ನುವುದನ್ನು ಮೇಸ್ತ್ರಿಗೆ ಬಿಟ್ಟುಬಿಡುತ್ತಾರೆ. ಆಮೇಲೆ ಅದರ ಮೇಲೆ ಮಣ್ಣು ಬಿತ್ತು, ಮುಗೀತು. ಯಾರಿಗೂ ನೆನಪಿಲ್ಲ.

ನಾನು ಇವತ್ತು ಹೇಳಬೇಕೆಂದಿರುವುದು ಒಂದೇ ಮಾತು. ಪರವಾನಗಿ ಅನ್ನುವುದು ಗುಂಡಿ ತೋಡುವ ದಿನದ ಕಾಗದ ಮಾತ್ರ ಆದರೆ ಅದರಿಂದ ಅರ್ಧ ಪ್ರಯೋಜನವೂ ಇಲ್ಲ. ಟ್ಯಾಂಕ್ ಬಳಕೆಯಲ್ಲಿ ಇರುವಷ್ಟು ವರ್ಷವೂ ಯಾರಾದರೂ ಬಂದು ಮುಚ್ಚಳ ತೆಗೆದು ನೋಡುತ್ತಿರಬೇಕು. ನೋಡುವವರು ಯಾರು, ಅವರಿಗೆ ದುಡ್ಡು ಕೊಡುವವರು ಯಾರು? ಜಗಳ ಇರುವುದೆಲ್ಲ ಇಲ್ಲೇ.

ಮೊದಲು ಟ್ಯಾಂಕ್ ಒಳಗೆ ಏನಾಗುತ್ತದೆ ಅಂತ ಬೇಗ ಹೇಳಿಬಿಡುತ್ತೇನೆ. ಮನೆಯ ಕೊಳಚೆ ನೀರು ಅದರೊಳಗೆ ಒಂದೆರಡು ದಿನ ಸುಮ್ನೆ ನಿಲ್ಲುತ್ತದೆ. ಭಾರದ್ದು ತಳಕ್ಕೆ ಇಳಿದು ರಾಡಿಯಾಗುತ್ತದೆ. ಎಣ್ಣೆ, ಜಿಡ್ಡು ಮೇಲೆ ತೇಲಿ ಪದರ ಕಟ್ಟುತ್ತದೆ. ನಡುವಿನ ನೀರು ಇನ್ನೊಂದು ತುದಿಯ ಪೈಪಿನಿಂದ ಹೊರಗೆ ಹೋಗುತ್ತದೆ. ಗಾಳಿ ಬೇಡದ ಬ್ಯಾಕ್ಟೀರಿಯಾಗಳು ತಳದ ರಾಡಿಯನ್ನು ಕರಗಿಸುತ್ತವೆ, ಆದರೆ ಪೂರ್ತಿ ಅಲ್ಲ. ಉಳಿದಿದ್ದು ವರ್ಷ ವರ್ಷ ಏರುತ್ತಾ ಬರುತ್ತದೆ. ಹೊರಗೆ ಹೋಗುವ ನೀರು ನೋಡಲು ಸ್ವಲ್ಪ ತಿಳಿಯಾಗಿದ್ದರೂ ರೋಗ ತರುವ ಕ್ರಿಮಿಗಳು ಅದರಲ್ಲಿ ಇದ್ದೇ ಇರುತ್ತವೆ. ಅವನ್ನು ತಡೆಯುವುದು ಟ್ಯಾಂಕ್ ಅಲ್ಲ, ಮಣ್ಣು. ಟ್ಯಾಂಕಿನಿಂದ ಬಂದ ನೀರು ತೂತಿನ ಪೈಪುಗಳ ಮೂಲಕ ಮಣ್ಣಿಗೆ ಇಂಗಬೇಕು, ನಿಧಾನವಾಗಿ, ಗಾಳಿಯಾಡುವ ಒಣ ಮಣ್ಣಿನ ಮೂಲಕ ಕೆಳಗಿಳಿಯಬೇಕು. ಆ ದಾರಿಯಲ್ಲೇ ಕ್ರಿಮಿಗಳು ಸಿಕ್ಕಿಹಾಕಿಕೊಂಡು ಸಾಯುತ್ತವೆ.

ಹಾಗಾಗಿ ಪರವಾನಗಿ ಕೊಡುವವನು ಟ್ಯಾಂಕಿಗಿಂತ ಮೊದಲು ನೋಡಬೇಕಾದ್ದು ಮಣ್ಣನ್ನು. ಮಣ್ಣು ಊರಿಂದ ಊರಿಗೆ, ಒಂದೇ ಊರಿನಲ್ಲಿ ಸೈಟಿಂದ ಸೈಟಿಗೆ ಬೇರೆ. ಈ ಕೆಲಸ ಹೆಚ್ಚಿನ ಕಡೆ ಸ್ಥಳೀಯ ಆಡಳಿತದ ಕೈಲಿ ಇರುವುದಕ್ಕೆ ಅದೇ ಕಾರಣ. ರಾಜಧಾನಿಯಲ್ಲಿ ಕೂತವನಿಗೆ ನಿಮ್ಮ ಹಿತ್ತಲಲ್ಲಿ ಮಳೆಗಾಲದ ನೀರು ಎಷ್ಟು ಮೇಲೆ ಬರುತ್ತದೆ ಅಂತ ಹೇಗೆ ಗೊತ್ತಾಗಬೇಕು?

1920ರ ದಶಕದಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹೆನ್ರಿ ರಯಾನ್ ಅನ್ನುವ ಇಂಜಿನಿಯರ್ ಇದಕ್ಕೊಂದು ಸುಲಭದ ಪರೀಕ್ಷೆ ಮಾಡಿದರು. ಒಂದು ಗುಂಡಿ ತೋಡಿ, ನೀರು ತುಂಬಿ ಮಣ್ಣನ್ನು ಚೆನ್ನಾಗಿ ನೆನೆಸಿ, ಆಮೇಲೆ ಮತ್ತೆ ನೀರು ಹಾಕಿ ಅದು ಒಂದು ಇಂಚು ಇಳಿಯಲು ಎಷ್ಟು ನಿಮಿಷ ಬೇಕು ಅಂತ ನೋಡುವುದು. ತುಂಬಾ ನಿಧಾನವಾದರೆ ಜೇಡಿಮಣ್ಣು, ನೀರು ಮೇಲೆ ಉಕ್ಕುತ್ತದೆ. ತುಂಬಾ ಬೇಗ ಇಳಿದರೂ ಖುಷಿಪಡಬೇಡಿ. ಮರಳಿನಲ್ಲಿ ನೀರು ಶುದ್ಧವಾಗುವ ಮೊದಲೇ ಬಾವಿಗೆ ಸೇರಿಬಿಡುತ್ತದೆ. ಈ ಪರೀಕ್ಷೆ ಎಷ್ಟೋ ಕಡೆಗೆ ಹರಡಿತು, ಇವತ್ತಿಗೂ ನಡೆಯುತ್ತಿದೆ. ಇದರಲ್ಲಿ ಒಂದು ದೊಡ್ಡ ತೂತಿದೆ. ಬೇಸಿಗೆಯಲ್ಲಿ ಮಾಡಿದರೆ ಬಹುಪಾಲು ಸೈಟುಗಳು ಪಾಸ್! ಸೈಟ್ ಮಾರುವವರಿಗೆ ಇದು ನಮಗಿಂತ ಮೊದಲೇ ಗೊತ್ತಿರುತ್ತದೆ, ಅಲ್ವಾ.

ಅದಕ್ಕೇ ಈಗ ತಿಳಿದ ಅಧಿಕಾರಿಗಳು ಗಡಿಯಾರ ಬಿಟ್ಟು ಗುಂಡಿಗೆ ಇಳಿಯುತ್ತಾರೆ. ಆಳುದ್ದ ಅಗೆಸಿ, ಚಾಕುವಿನಿಂದ ಗೋಡೆಯನ್ನು ಕೆರೆಯುತ್ತಾ ಮೇಲಿಂದ ಕೆಳಗೆ ಮಣ್ಣಿನ ಬಣ್ಣ ನೋಡುತ್ತಾರೆ. ಮೇಲೆ ಒಂದೇ ಸಮನಾದ ಕಂದು ಅಥವಾ ಕೆಂಪು ಇದ್ದರೆ ಗಾಳಿ ಆಡುತ್ತಿದೆ ಅಂತ ಅರ್ಥ. ಒಂದು ಮಟ್ಟದಿಂದ ಕೆಳಗೆ ಬೂದು ಬಣ್ಣದ ಮಣ್ಣು, ಅದರ ನಡುವೆ ತುಕ್ಕಿನ ಬಣ್ಣದ ಚುಕ್ಕೆಗಳು ಕಂಡರೆ ಅಲ್ಲಿವರೆಗೆ ವರ್ಷದಲ್ಲಿ ಒಂದಷ್ಟು ಕಾಲ ನೀರು ಬಂದು ನಿಲ್ಲುತ್ತದೆ. ನೀರು ನಿಂತಾಗ ಮಣ್ಣಿನ ಕಬ್ಬಿಣ ಕರಗಿ ಜಾಗ ಬದಲಿಸುತ್ತದೆ, ನೀರು ಇಳಿದಾಗ ಗಾಳಿ ತಾಗಿದ ಕಡೆ ತುಕ್ಕಾಗಿ ಕೂರುತ್ತದೆ. ಗುಂಡಿ ಇವತ್ತು ಒಣಗಿದ್ದರೂ ಮಳೆಗಾಲದ ನೀರು ಎಲ್ಲಿವರೆಗೆ ಏರಿತ್ತು ಅಂತ ಆ ಚುಕ್ಕೆಗಳು ಹೇಳುತ್ತವೆ. ಬೇಸಿಗೆಯ ಪಾಸ್ ಆಟ ಇಲ್ಲಿ ನಡೆಯುವುದಿಲ್ಲ. ಇಂಗುವ ಪೈಪಿನ ಕೆಳಗೆ ಎರಡರಿಂದ ನಾಲ್ಕು ಅಡಿ ಒಣ ಮಣ್ಣು ಇರಲೇಬೇಕು ಅಂತ ಎಷ್ಟೋ ನಿಯಮಗಳು ಹೇಳುವುದು ಇದನ್ನೇ ಅಳತೆ ಮಾಡಿಕೊಂಡು.

ಉಳಿದ ನಿಯಮಗಳಲ್ಲಿ ಬಾವಿಯಿಂದ ದೂರ, ಹಳ್ಳದಿಂದ ದೂರ, ಪಕ್ಕದವರ ಗಡಿಯಿಂದ ದೂರ, ಇವು ನಿಮಗೆ ಗೊತ್ತಿರುವಂಥವೇ. ಅಮೆರಿಕದ ಹಲವು ಕಡೆ ಬಾವಿಗೂ ಇಂಗುವ ಜಾಗಕ್ಕೂ ನಡುವೆ 100 ಅಡಿ ಕೇಳುತ್ತಾರೆ. ಅಲ್ಲಿ ಟ್ಯಾಂಕಿನ ಗಾತ್ರವನ್ನು ಸಾಮಾನ್ಯವಾಗಿ ಮನೆಯಲ್ಲಿರುವ ಜನರ ಲೆಕ್ಕದಲ್ಲಿ ಅಲ್ಲ, ಮಲಗುವ ಕೋಣೆಗಳ ಲೆಕ್ಕದಲ್ಲಿ ಹಿಡಿಯುತ್ತಾರೆ. ಕೇಳಿದರೆ ವಿಚಿತ್ರ ಅನ್ನಿಸುತ್ತದೆ. ಇವತ್ತು ಇಬ್ಬರೇ ಇರುವ ಮನೆಯನ್ನು ನಾಳೆ ಆರು ಜನರ ಕುಟುಂಬ ಕೊಳ್ಳಬಹುದು, ಕೋಣೆಗಳು ಮಾತ್ರ ಅಷ್ಟೇ ಇರುತ್ತವೆ. ನನ್ನ ಪ್ರಕಾರ ಇದು ಜಾಣ ಲೆಕ್ಕ.

ಇನ್ನೊಂದು ಹಂತ ಬಹಳ ಮುಖ್ಯ. ಮಣ್ಣು ಮುಚ್ಚುವ ಮೊದಲು ಬಂದು ನೋಡುವುದು. ಟ್ಯಾಂಕಿಗೆ ನೀರು ತುಂಬಿಸಿ ಸೋರುತ್ತದಾ ನೋಡಬೇಕು. ಹೊರಹೋಗುವ ಪೈಪಿಗೆ ಟೀ, ಅಂದರೆ T ಆಕಾರದ ಪೈಪ್ ತುಂಡು, ಹಾಕಿದ್ದಾರಾ ನೋಡಬೇಕು, ಅದಿಲ್ಲದಿದ್ದರೆ ತೇಲುವ ಜಿಡ್ಡು ನೇರ ಮಣ್ಣಿಗೆ ಹೋಗಿ ತೂತುಗಳನ್ನೆಲ್ಲ ಕಟ್ಟಿಸಿಬಿಡುತ್ತದೆ. ಇಂಗುವ ಪೈಪುಗಳು ಸರಿಯಾದ ಮಟ್ಟದಲ್ಲಿ ಕೂತಿವೆಯಾ ನೋಡಬೇಕು. ಇದೆಲ್ಲ ಅರ್ಧ ಗಂಟೆಯ ಕೆಲಸ, ಆದರೆ ಮಾರನೇ ದಿನ ಹೋದರೆ ಆಗದ ಕೆಲಸ. ಕಚೇರಿಯಲ್ಲಿ ಕೂತು ಪ್ಲಾನ್ ಮೇಲೆ ಸೀಲ್ ಒತ್ತಿ ಕಳಿಸುವ ಕಡೆಗಳಲ್ಲಿ ಎಲ್ಲಕ್ಕಿಂತ ಮೊದಲು ಬಿಟ್ಟುಹೋಗುವುದು ಇದೇ.

ಸರಿ, ಎಲ್ಲ ಸರಿಯಾಗಿಯೇ ಕಟ್ಟಿದರು ಅಂದುಕೊಳ್ಳಿ. ಆಮೇಲೆ?

ಐರ್ಲೆಂಡಿನ ಕಥೆ ಹೇಳುತ್ತೇನೆ. ಅಲ್ಲಿ ಹೆಚ್ಚುಕಡಿಮೆ 5 ಲಕ್ಷ ಮನೆಗಳಿಗೆ ಸ್ವಂತ ವ್ಯವಸ್ಥೆ ಇದೆ, ಬಹುಪಾಲು ಸೆಪ್ಟಿಕ್ ಟ್ಯಾಂಕ್. ಕಟ್ಟುವಾಗ ಅನುಮತಿ ಬೇಕಿತ್ತು, ಆಮೇಲೆ ನಿಯಮವಾಗಿ ಬಂದು ನೋಡುವವರು ಇರಲಿಲ್ಲ. 2009ರಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಇದು ಒಕ್ಕೂಟದ ಕಾನೂನಿಗೆ ವಿರುದ್ಧ ಅಂತ ಐರ್ಲೆಂಡಿನ ವಿರುದ್ಧ ತೀರ್ಪು ಕೊಟ್ಟಿತು. ಆ ತೀರ್ಪಿನಲ್ಲಿ ಒಂದು ಕೌಂಟಿಯನ್ನು, ಅಂದರೆ ನಮ್ಮ ಜಿಲ್ಲೆಯಂಥದ್ದನ್ನು, ಮಾತ್ರ ಹೊರಗಿಟ್ಟರು. ಅದು ಕ್ಯಾವನ್. ಆ ಕೌಂಟಿಯ ಕೌನ್ಸಿಲ್ 2004ರಲ್ಲೇ ಟ್ಯಾಂಕ್ ಪರಿಶೀಲನೆಗೆ ತನ್ನದೇ ಬೈಲಾ (ಸ್ಥಳೀಯ ನಿಯಮ) ಮಾಡಿಕೊಂಡಿತ್ತು. ದೇಶದ ಸರ್ಕಾರ ಮಾಡದೇ ಬಿಟ್ಟಿದ್ದನ್ನು ಒಂದು ಕೌಂಟಿ ಕೌನ್ಸಿಲ್ ಮಾಡಿಟ್ಟಿತ್ತು ನೋಡಿ.

2012ರಲ್ಲಿ ಕಾನೂನು ಬಂತು. ಪ್ರತಿ ಮನೆಯವರೂ ಟ್ಯಾಂಕ್ ನೋಂದಣಿ ಮಾಡಿಸಬೇಕು, ಶುಲ್ಕ 50 ಯೂರೋ. ಹಳ್ಳಿಗಳಲ್ಲಿ ಗಲಾಟೆಯೋ ಗಲಾಟೆ. ಪಟ್ಟಣದವರ ಒಳಚರಂಡಿಗೆ ಸರ್ಕಾರದ ದುಡ್ಡು, ನಮ್ಮ ಗುಂಡಿಗೆ ನಾವೇ ದುಡ್ಡು ಹಾಕಿದ್ದೇವೆ, ಅದರ ಮೇಲೆ ಶುಲ್ಕ ಬೇರೆ ಕೊಡಬೇಕಾ ಅಂತ. ನ್ಯಾಯವಾದ ಪ್ರಶ್ನೆಯೇ. ಸರ್ಕಾರ ಬೇಗ ನೋಂದಣಿ ಮಾಡಿಸುವವರಿಗೆ 5 ಯೂರೋ ಸಾಕು ಅಂತ ಇಳಿಸಿತು. ಅಷ್ಟರಲ್ಲಿ 2012ರ ಡಿಸೆಂಬರ್‌ನಲ್ಲಿ ನ್ಯಾಯಾಲಯ ತಡ ಮಾಡಿದ್ದಕ್ಕೆ 20 ಲಕ್ಷ ಯೂರೋ ದಂಡ ಹಾಕಿತು. ಪಾಲಿಸುವವರೆಗೆ ದಿನಕ್ಕೆ 12,000 ಯೂರೋ ಬೇರೆ.

2013ರಿಂದ ಪರಿಶೀಲನೆ ಶುರುವಾಯಿತು. ವರ್ಷಕ್ಕೆ ಸುಮಾರು ಸಾವಿರ ಮನೆ, ಬಾವಿ ಮತ್ತು ನದಿಗೆ ಅಪಾಯ ಜಾಸ್ತಿ ಇರುವ ಕಡೆ ಮೊದಲು. ನೋಡಿದ್ದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಫೇಲ್! ಕಾರಣಗಳೇನು ಅಂದುಕೊಂಡಿರಿ? ರಾಡಿ ತೆಗೆಸಿಯೇ ಇಲ್ಲ, ಎಲ್ಲೋ ಸೋರುತ್ತಿದೆ, ಕೊಳಚೆ ನೀರನ್ನು ಚರಂಡಿಗೆ ತಿರುಗಿಸಿದ್ದಾರೆ. ಇವೆಲ್ಲ ಟ್ಯಾಂಕ್ ಕಟ್ಟಿದ ಮೇಲಿನ ಸಮಸ್ಯೆಗಳು. ಕಟ್ಟುವ ದಿನದ ಪರವಾನಗಿ ಇದನ್ನು ಹೇಗೆ ಹಿಡಿಯುತ್ತದೆ? ಇದರ ಜೊತೆ ಇನ್ನೊಂದು ಲೆಕ್ಕವನ್ನೂ ಹಾಕಿ: ವರ್ಷಕ್ಕೆ ಸಾವಿರದಂತೆ 5 ಲಕ್ಷ ಮನೆ ಮುಗಿಸಲು 500 ವರ್ಷ.

ಬೇರೆಯವರು ಬೇರೆ ದಾರಿ ಹುಡುಕಿದ್ದಾರೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಮನೆ ಮಾರುವಾಗ ಪರೀಕ್ಷೆ ಕಡ್ಡಾಯ. ದುಡ್ಡು ಕೈ ಬದಲಾಗುವ ಹೊತ್ತಿನಲ್ಲೇ ಹಿಡಿಯುವುದರಿಂದ ರಿಪೇರಿ ಬೇಗ ಆಗುತ್ತದೆ, ಒಳ್ಳೆ ಉಪಾಯ. ಆದರೆ ಮೂವತ್ತು ವರ್ಷ ಮನೆ ಮಾರದವರ ಟ್ಯಾಂಕ್? ಫ್ರಾನ್ಸಿನಲ್ಲಿ ಎರಡೂ ಇದೆ. ಸ್ಥಳೀಯ ಆಡಳಿತದವರು ಹತ್ತು ವರ್ಷಕ್ಕೊಮ್ಮೆಯಾದರೂ ಬಂದು ನೋಡಲೇಬೇಕು, ಶುಲ್ಕ ಮನೆಯವರದ್ದು. 2011ರಿಂದ ಮನೆ ಮಾರುವಾಗ ಮೂರು ವರ್ಷದೊಳಗಿನ ವರದಿ ತೋರಿಸಬೇಕು. ಜಪಾನಿನಲ್ಲಿ ಮನೆಮಟ್ಟದ ಶುದ್ಧೀಕರಣ ಘಟಕಗಳಿಗೆ ಅಂತಲೇ 1983ರಲ್ಲಿ ಕಾನೂನು ಆಯಿತು. ಅವುಗಳಿಗೆ ವರ್ಷಕ್ಕೊಂದು ಪರೀಕ್ಷೆ. ಫ್ಲೋರಿಡಾದಲ್ಲಿ ಐದು ವರ್ಷಕ್ಕೊಮ್ಮೆ ಎಲ್ಲರ ಟ್ಯಾಂಕ್ ನೋಡಬೇಕು ಅಂತ 2010ರಲ್ಲಿ ಕಾನೂನು ಮಾಡಿ, ಜನ ಸಿಟ್ಟಾದ ಮೇಲೆ 2012ರಲ್ಲಿ ತೆಗೆದುಹಾಕಿದರು. ರಾಜಕಾರಣಿಗಳಿಗೆ ಈ ವಿಷಯ ಯಾಕೆ ಭಯ ಅಂತ ಗೊತ್ತಾಯಿತಲ್ಲ.

ಈಗ ಇದರ ಇನ್ನೊಂದು ಮಗ್ಗುಲು. ನಿಯಮ ಬಿಗಿ ಮಾಡಿದರೆ ಎಲ್ಲ ಸರಿಹೋಗುತ್ತದೆ ಅನ್ನುವವರಿಗೆ ನಾನು ಅಲಬಾಮಾ ರಾಜ್ಯದ ಲೌಂಡ್ಸ್ ಕೌಂಟಿಯನ್ನು ನೋಡಿ ಅನ್ನುತ್ತೇನೆ. ಅಲ್ಲಿಯ ಮಣ್ಣು ಕಪ್ಪು ಜೇಡಿ, ನೀರು ಇಂಗುವುದೇ ಇಲ್ಲ. ಸಾಮಾನ್ಯ ಟ್ಯಾಂಕ್ ಅಲ್ಲಿ ಕೆಲಸ ಮಾಡುವುದಿಲ್ಲ, ಬೇಕಾದ ವ್ಯವಸ್ಥೆ ಬಡವರಿಗೆ ಎಟುಕುವುದಿಲ್ಲ. ಜನ ಪೈಪ್ ಎಳೆದು ಹಿತ್ತಲಿಗೆ ಬಿಟ್ಟರು. ಕಾನೂನಿನ ಪ್ರಕಾರ ಅದು ಅಪರಾಧ, ಹೀಗಾಗಿ ಬಂಧನದ ಭಯದಲ್ಲೇ ಬದುಕುವಂತಾಯಿತು. ಅಲ್ಲಿ ಬಹುಪಾಲು ಕಪ್ಪು ಜನರು. 2021ರಲ್ಲಿ ಅಮೆರಿಕದ ನ್ಯಾಯ ಇಲಾಖೆ ತನಿಖೆ ಶುರು ಮಾಡಿತು, 2023ರಲ್ಲಿ ರಾಜ್ಯದ ಆರೋಗ್ಯ ಇಲಾಖೆ ಜೊತೆ ಒಪ್ಪಂದವಾಯಿತು. ಸ್ವಂತ ವ್ಯವಸ್ಥೆ ಮಾಡಿಕೊಳ್ಳಲು ಆಗದವರ ಮೇಲೆ ಕೇಸ್ ಹಾಕುವುದನ್ನು ನಿಲ್ಲಿಸಬೇಕು ಅನ್ನುವುದು ಅದರಲ್ಲಿ ಒಂದು. 2025ರಲ್ಲಿ ಸರ್ಕಾರ ಬದಲಾದ ಮೇಲೆ ಅದೇ ಇಲಾಖೆ ಆ ಒಪ್ಪಂದವನ್ನು ಕೈಬಿಟ್ಟಿತು.

ಹಾಗಾಗಿ ನೋಟಿಸ್ ಕೊಡುವ ಕಚೇರಿಯೇ ಸಾಲದ್ದೋ ಅನುದಾನದ್ದೋ ಅರ್ಜಿಯನ್ನೂ ಜೊತೆಗೇ ಕೊಡಬೇಕು. ಬರೀ ನೋಟಿಸ್ ಕೊಟ್ಟರೆ ಜನ ಮುಚ್ಚಿಡುತ್ತಾರೆ, ಅಷ್ಟೇ. ಮುಚ್ಚಿಡಲು ಇದಕ್ಕಿಂತ ಸುಲಭದ ವಸ್ತು ಇನ್ನೊಂದಿಲ್ಲ, ಮೊದಲೇ ನೆಲದೊಳಗಿದೆ.

ನನಗೆ ಹಿಡಿಸಿದ ಉದಾಹರಣೆ ಫಿಲಿಪ್ಪೀನ್ಸಿನ ದುಮಗೇಟೆ ನಗರದ್ದು. 2006ರಲ್ಲಿ ಅಲ್ಲಿನ ನಗರಾಡಳಿತ ಒಂದು ನಿಯಮ ಮಾಡಿತು. ಮನೆಮನೆಗೆ ಸರದಿಯ ಪ್ರಕಾರ ಸಕ್ಕಿಂಗ್ ಲಾರಿ ಬರುತ್ತದೆ, ನೀವು ಕರೆಯಬೇಕಿಲ್ಲ. ಅದರ ದುಡ್ಡು ನೀರಿನ ಬಿಲ್ಲಿನಲ್ಲಿ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಸೇರಿಕೊಳ್ಳುತ್ತದೆ. ಒಂದೇ ಸಲ ದೊಡ್ಡ ಮೊತ್ತ ಕೊಡಬೇಕಾಗಿ ಬಂದಾಗಲೇ ಜನ ಮುಂದಿನ ವರ್ಷ ನೋಡೋಣ ಅನ್ನುವುದು. ಪರಿಶೀಲನೆ, ರಾಡಿ ತೆಗೆಯುವುದು, ಶುಲ್ಕ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದರೆ ಯಾರೂ ಯಾರನ್ನೂ ಹೆದರಿಸಬೇಕಿಲ್ಲ.

ರಾಡಿ ತೆಗೆಯುವ ಮಾತು ಬಂತು, ಎರಡು ವಿಷಯ ಹೇಳಲೇಬೇಕು. ಒಂದು, ಲಾರಿ ತುಂಬಿಕೊಂಡು ಎಲ್ಲಿಗೆ ಹೋಗುತ್ತದೆ? ರಾತ್ರಿ ಹೊತ್ತು ಹಳ್ಳಕ್ಕೆ ಬಿಟ್ಟರೆ ಸಾವಿರ ಪರವಾನಗಿ ಕೊಟ್ಟರೂ ಏನೂ ಉಪಯೋಗ ಇಲ್ಲ. ಎಲ್ಲಿಂದ ತುಂಬಿದ್ದು, ಎಷ್ಟು, ಯಾವ ಘಟಕಕ್ಕೆ ಇಳಿಸಿದ್ದು ಅನ್ನುವ ರಸೀತಿ ಇರಬೇಕು, ಮನೆಯವರ ಕೈಗೂ ಒಂದು ಪ್ರತಿ ಸಿಗಬೇಕು. ಎರಡು, ಟ್ಯಾಂಕಿನೊಳಗೆ ಮನುಷ್ಯ ಇಳಿಯಬಾರದು. ಒಳಗೆ ಹೈಡ್ರೋಜನ್ ಸಲ್ಫೈಡ್ ಅನಿಲ ಇರುತ್ತದೆ. ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ, ಜಾಸ್ತಿಯಾದಾಗ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ, ಒಂದೆರಡು ಉಸಿರಿಗೆ ಬಿದ್ದುಬಿಡುತ್ತಾರೆ. ಎತ್ತಲು ಇಳಿದವರೂ ಸಾಯುತ್ತಾರೆ. ಭಾರತದಲ್ಲಿ 2013ರ ಕಾನೂನು ಸುರಕ್ಷತಾ ಸಾಧನ ಇಲ್ಲದೆ ಮನುಷ್ಯರಿಂದ ಟ್ಯಾಂಕ್ ತೊಳೆಸುವುದನ್ನು ಅಪರಾಧ ಅನ್ನುತ್ತದೆ. ಕೆಲಸ ಮಾಡಿಸಿದ ಮನೆಯವರೂ ಸಿಕ್ಕಿಬೀಳಬಹುದು. ನನ್ನನ್ನು ಕೇಳಿದರೆ ಮುಚ್ಚಳ ಲಾರಿಯ ಪೈಪಿಗೆ ಸಿಗುವ ಜಾಗದಲ್ಲಿ ಇಲ್ಲದಿದ್ದರೆ ಪರವಾನಗಿಯನ್ನೇ ಕೊಡಬಾರದು. ಮುಚ್ಚಳದ ಮೇಲೆ ಅಡುಗೆಮನೆ ಕಟ್ಟಿಕೊಂಡವರು ಎಷ್ಟು ಜನ ಇದ್ದಾರೆ ಗೊತ್ತಾ?

ಎಷ್ಟು ವರ್ಷಕ್ಕೊಮ್ಮೆ ತೆಗೆಸಬೇಕು ಅಂತ ಎಲ್ಲರೂ ಕೇಳುತ್ತಾರೆ. ಮೂರರಿಂದ ಐದು ವರ್ಷ ಅನ್ನುವುದು ಅಮೆರಿಕದ ಪರಿಸರ ಸಂಸ್ಥೆಯ ಸಲಹೆ. ಅಳತೆ ಮಾಡಿ ನೋಡುವುದು ಇನ್ನೂ ಒಳ್ಳೆಯದು. ಉದ್ದ ಕೋಲಿಗೆ ಬಿಳಿ ಟವೆಲ್ ಬಟ್ಟೆ ಸುತ್ತಿ, ಮೇಲಿಂದಲೇ ನಿಧಾನವಾಗಿ ತಳದವರೆಗೆ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಎತ್ತಿ. ಕಪ್ಪು ಹತ್ತಿದಷ್ಟು ಉದ್ದ ರಾಡಿ. ತಳದ ರಾಡಿ, ಮೇಲಿನ ಜಿಡ್ಡು ಎರಡೂ ಸೇರಿ ಆಳದ ಮೂರನೇ ಒಂದು ಭಾಗ ಆಗಿದ್ದರೆ ಲಾರಿಗೆ ಫೋನ್ ಮಾಡಿ.

ಮನೆ ಅಥವಾ ಸೈಟ್ ಕೊಳ್ಳುವವರು ಪತ್ರಗಳ ಜೊತೆ ಮೂರು ಕೇಳಿ: ಮಣ್ಣು ಪರೀಕ್ಷೆಯ ವರದಿ ಮತ್ತು ಅದು ಯಾವ ತಿಂಗಳಲ್ಲಿ ಮಾಡಿದ್ದು, ಟ್ಯಾಂಕ್ ನಿಜವಾಗಿ ಎಲ್ಲಿ ಕೂತಿದೆ ಅನ್ನುವ ನಕ್ಷೆ, ಕೊನೆಯ ಸಲ ರಾಡಿ ತೆಗೆಸಿದ ರಸೀತಿ. ಮೂರೂ ಇಲ್ಲ ಅಂದರೆ ಹೊಸ ಟ್ಯಾಂಕಿನ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿ.

ಇನ್ನು ಪ್ರಶ್ನೆಗಳಿದ್ದರೆ ಕೇಳಿ. ರಾಡಿ ಕರಗಿಸುತ್ತದೆ ಅಂತ ಟ್ಯಾಂಕಿಗೆ ಹಾಕುವ ಬ್ಯಾಕ್ಟೀರಿಯಾ ಪುಡಿ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತೀರಿ, ಅದಕ್ಕೆ ಈಗಲೇ ಉತ್ತರ ಕೊಟ್ಟುಬಿಡುತ್ತೇನೆ: ಟ್ಯಾಂಕಿಗೆ ಬೇಕಾದ ಬ್ಯಾಕ್ಟೀರಿಯಾ ನೀವು ದಿನಾ ಕಳಿಸುತ್ತಲೇ ಇದ್ದೀರಿ, ಪುಡಿ ಹಾಕಿದರೂ ರಾಡಿ ತೆಗೆಸುವುದು ತಪ್ಪುವುದಿಲ್ಲ.