ಮೊದಲ ಸಲ ನೋವಾಗಲೇಬೇಕಾ?

ಎಲ್ಲರಿಗೂ ನಮಸ್ಕಾರ.

ಇಲ್ಲಿ ಮದುವೆ ಗೊತ್ತಾದವರಿದ್ದೀರಿ, ಹೊಸದಾಗಿ ಮದುವೆಯಾದವರೂ ಇದ್ದೀರಿ. ಹಾಗಾಗಿ ಸುತ್ತಿ ಬಳಸದೆ ಮಾತಾಡುತ್ತೇನೆ. ಇವತ್ತಿನ ವಿಷಯ, ಗಂಡು ಹೆಣ್ಣು ಸೇರುವಾಗ ಆಗುವ ನೋವು.

ಮದುವೆಗೆ ಮುಂಚೆ ನಮ್ಮ ಹುಡುಗಿಯರಿಗೆ ಈ ಬಗ್ಗೆ ಯಾರಾದರೂ ಏನಾದರೂ ಹೇಳಿದ್ದರೆ, ಅದು ಸಾಮಾನ್ಯವಾಗಿ ಇಷ್ಟೇ: "ಮೊದಮೊದಲು ನೋವಾಗತ್ತೆ, ತಡ್ಕೋ." ಅಕ್ಕನೋ ಅತ್ತಿಗೆಯೋ ಪ್ರೀತಿಯಿಂದಲೇ ಹೇಳಿರುತ್ತಾರೆ. ಆದರೂ ಸ್ತ್ರೀರೋಗ ತಜ್ಞೆಯಾಗಿ ನಾನು ಅದನ್ನು ಒಪ್ಪುವುದಿಲ್ಲ. ಮೊದಲ ಸಲ ಬಿಗಿ ಅನ್ನಿಸಬಹುದು, ಸ್ವಲ್ಪ ಚುರುಗುಟ್ಟಬಹುದು. ಹಲ್ಲು ಕಚ್ಚಿ ತಡೆಯಬೇಕಾದಂಥ ನೋವಾದರೆ ಅಲ್ಲಿಗೇ ನಿಲ್ಲಿಸಬೇಕು. ಅದಕ್ಕೊಂದು ಕಾರಣ ಇರುತ್ತದೆ, ಹುಡುಕಿದರೆ ಸಿಗುತ್ತದೆ.

ಎಲ್ಲರೂ ಮೊದಲು ಬೈಯುವುದು ಕನ್ಯಾಪೊರೆಯನ್ನು. ಅದು ದಾರಿ ಮುಚ್ಚಿಕೊಂಡ ಪರದೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಿದ್ದರೆ ತಿಂಗಳು ತಿಂಗಳು ಮುಟ್ಟಿನ ರಕ್ತ ಹೊರಗೆ ಬರುವುದು ಹೇಗೆ? ಯೋನಿಯ ಬಾಯಿಯ ಅಂಚಿನಲ್ಲಿ ಬಳೆಯ ಹಾಗೆ ಇರುವ ತೆಳು, ಹಿಗ್ಗುವ ಅಂಗಾಂಶ ಅದು. ಒಬ್ಬೊಬ್ಬರಲ್ಲಿ ಒಂದೊಂದು ಆಕಾರ. ಕೆಲವರಿಗೆ ಮೊದಲ ಸಲ ಒಂದಿಷ್ಟು ರಕ್ತ ಕಾಣಿಸುತ್ತದೆ, ಇನ್ನೆಷ್ಟೋ ಜನರಿಗೆ ಇಲ್ಲ. ರಕ್ತ ಬರಲಿಲ್ಲ ಅಂತ ಹೆಂಡತಿಯನ್ನು ಅನುಮಾನಿಸುವ ಗಂಡಸರು ಇವತ್ತಿಗೂ ಇದ್ದಾರೆ ಅನ್ನುವುದು ನನಗೆ ಬಹಳ ಸಂಕಟದ ವಿಷಯ. ಕನ್ಯತ್ವ ಪರೀಕ್ಷೆಗೆ ವೈದ್ಯಕೀಯವಾಗಿ ಯಾವ ಆಧಾರವೂ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ.

ನಿಜವಾಗಿ ಜಾಸ್ತಿ ಕಾಡುವುದು ಒಣಗಿದ ಯೋನಿ. ಮನಸ್ಸಿಗೆ ಹಿತವಾಗಿ ಆಸೆ ಮೂಡಿದಾಗ ಯೋನಿಯ ಗೋಡೆಗಳಿಗೆ ರಕ್ತ ಹೆಚ್ಚು ಹರಿಯುತ್ತದೆ, ತೇವ ಜಿನುಗುತ್ತದೆ. ಯೋನಿಯ ಒಳಭಾಗ ಉದ್ದವಾಗಿ, ಅಗಲವಾಗಿ ಜಾಗ ಮಾಡಿಕೊಡುತ್ತದೆ. ಇದಕ್ಕೆ ಸಮಯ ಬೇಕು. ಮುದ್ದು, ಮಾತು, ಸ್ಪರ್ಶ ಬೇಕು. ಈಗ ಮದುವೆ ದಿನವನ್ನು ನೆನೆಸಿಕೊಳ್ಳಿ. ಮುಹೂರ್ತಕ್ಕೆ ಬೆಳಗಿನ ಜಾವ ಎದ್ದು, ಆರತಕ್ಷತೆಯಲ್ಲಿ ಗಂಟೆಗಟ್ಟಲೆ ನಿಂತು, ಫೋಟೋಗೆ ನಕ್ಕು ಸಾಕಾಗಿರುತ್ತದೆ. ಪಕ್ಕದ ಕೋಣೆಯಲ್ಲಿ ನೆಂಟರು ಮಲಗಿರುತ್ತಾರೆ. ಅಂಥ ರಾತ್ರಿ ದೇಹ ಹೇಗೆ ತಯಾರಾಗಬೇಕು? ಆವತ್ತೇ ಆಗಬೇಕು ಅಂತ ಏನೂ ಇಲ್ಲ. ಒಂದು ವಾರ ಬಿಟ್ಟು ಆದರೂ ಸರಿ, ಒಂದು ತಿಂಗಳಾದರೂ ಸರಿ.

ತೇವ ಸಾಲದಿದ್ದರೆ ಮೆಡಿಕಲ್ ಶಾಪಿನಲ್ಲಿ ನೀರಿನಂಶದ ಲೂಬ್ರಿಕೆಂಟ್ ಜೆಲ್ ಸಿಗುತ್ತದೆ, ಚೀಟಿ ಬೇಕಾಗಿಲ್ಲ. ನಮ್ಮ ಮನೆಗಳಲ್ಲಿ ಎಲ್ಲದಕ್ಕೂ ಕೊಬ್ಬರಿ ಎಣ್ಣೆ ಅಲ್ವಾ? ಕಾಂಡೋಮ್ ಬಳಸುವಾಗ ಮಾತ್ರ ಅದು ಬೇಡವೇ ಬೇಡ. ಎಣ್ಣೆ ತಾಗಿದರೆ ಲೇಟೆಕ್ಸ್, ಅಂದರೆ ಕಾಂಡೋಮಿನ ರಬ್ಬರ್, ಸಡಿಲವಾಗಿ ಕಾಂಡೋಮ್ ಹರಿದುಹೋಗಬಹುದು. ವ್ಯಾಸಲೀನ್ ಕೂಡ ಅಷ್ಟೇ. ಇನ್ನೊಂದು ಮಾತು, ಎಷ್ಟು ಒಳಗೆ, ಎಷ್ಟು ನಿಧಾನ ಅನ್ನುವುದು ಹೆಣ್ಣಿನ ಕೈಯಲ್ಲಿರಲಿ. ಅವಳು ಮೇಲಿರುವ ಭಂಗಿಯಲ್ಲಿ ಇದು ಸುಲಭ.

ಇನ್ನು ಸ್ವಲ್ಪ ಜಾಸ್ತಿ ಹೊತ್ತು ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಮದುವೆಯಾಗಿ ವರ್ಷವಾದ ಜೋಡಿಗಳು ಮಕ್ಕಳಾಗಿಲ್ಲ ಅಂತ ಬರುತ್ತಾರೆ. ಅತ್ತೆ ಮನೆಯಲ್ಲಿ "ಏನಾದ್ರೂ ವಿಶೇಷ ಇದೆಯಾ?" ಅಂತ ಕೇಳಿ ಕೇಳಿ ಹೈರಾಣಾಗಿರುತ್ತಾರೆ. ಕೈಯಲ್ಲಿ ಸ್ಕ್ಯಾನಿಂಗ್ ರಿಪೋರ್ಟು, ವೀರ್ಯ ಪರೀಕ್ಷೆಯ ರಿಪೋರ್ಟು. ಎಲ್ಲ ಸರಿ ಇದೆ. ಹುಡುಗಿಯೊಬ್ಬಳನ್ನೇ ಕೂರಿಸಿಕೊಂಡು ಮೆಲ್ಲಗೆ ಕೇಳಿದರೆ, ಸೆರಗಿನ ತುದಿ ಸುತ್ತುತ್ತಾ, "ಇನ್ನೂ ಆಗೇ ಇಲ್ಲ ಡಾಕ್ಟ್ರೇ, ಗೋಡೆಗೆ ತಾಗಿದ ಹಾಗಾಗತ್ತೆ" ಅನ್ನುತ್ತಾಳೆ. ಅಷ್ಟು ದಿನ ಅದನ್ನು ಯಾರೂ ಕೇಳಿಯೇ ಇರುವುದಿಲ್ಲ.

ಇದರ ಹೆಸರು ವೆಜೈನಿಸ್ಮಸ್. ಮೂತ್ರ ತಡೆಯಲು ಬಿಗಿಹಿಡಿಯುತ್ತೇವಲ್ಲ, ಆ ಭಾಗದ ಸ್ನಾಯುಗಳು ತಾವಾಗಿಯೇ ಬಿಗಿದುಕೊಳ್ಳುತ್ತವೆ. ಕಣ್ಣಿನ ಹತ್ತಿರ ಬೆರಳು ತಂದರೆ ರೆಪ್ಪೆ ಮುಚ್ಚಿಕೊಳ್ಳುವ ಹಾಗೆ. ಅವಳು ಬೇಕಂತ ಮಾಡುವುದಲ್ಲ. ಗಂಡನ ಮೇಲೆ ಪ್ರೀತಿ ಇಲ್ಲ ಅಂತಲೂ ಅಲ್ಲ. ಒಂದು ಸಲ ನೋವಾದರೆ ಮುಂದಿನ ಸಲಕ್ಕೆ ಹೆದರಿಕೆ, ಹೆದರಿಕೆಗೆ ಇನ್ನಷ್ಟು ಬಿಗಿತ, ಬಿಗಿತಕ್ಕೆ ಇನ್ನಷ್ಟು ನೋವು. ತಡ್ಕೋ ಅಂದಷ್ಟೂ ಇದು ಬಲಿಯುತ್ತದೆ. ಪೊರೆ ಕತ್ತರಿಸಿದರೆ ಸರಿಹೋಗುತ್ತೆ ಅಂತ ಆಪರೇಷನ್ ಕೇಳಿಕೊಂಡು ಬರುವವರಿದ್ದಾರೆ. ಬಿಗಿಯುತ್ತಿರುವುದು ಸ್ನಾಯು, ಪೊರೆ ಕತ್ತರಿಸಿ ಏನು ಪ್ರಯೋಜನ?

ಚಿಕಿತ್ಸೆ ಇದೆ, ತುಂಬಾ ಜನರಿಗೆ ಪೂರ್ತಿ ಗುಣವಾಗುತ್ತದೆ. ದೀರ್ಘವಾಗಿ ಉಸಿರು ಬಿಡುತ್ತಾ ಆ ಸ್ನಾಯುಗಳನ್ನು ಸಡಿಲ ಬಿಡುವುದನ್ನು ಕಲಿಸುತ್ತೇವೆ. ಆಮೇಲೆ ಅವಳದೇ ಬೆರಳು, ನಂತರ ಡೈಲೇಟರ್ ಅನ್ನುವ ನಯವಾದ ಕೊಳವೆಗಳು, ಸಣ್ಣದರಿಂದ ದೊಡ್ಡದಕ್ಕೆ. ಮನೆಯಲ್ಲಿ, ಅವಳ ಪಾಡಿಗೆ ಅವಳು ಮಾಡಿಕೊಳ್ಳುವುದು. ಕೆಲವರಿಗೆ ಫಿಸಿಯೋಥೆರಪಿಸ್ಟ್ ಬೇಕಾಗುತ್ತಾರೆ, ಕೆಲವರಿಗೆ ಆಪ್ತಸಲಹೆ. ವಾರಗಳೋ ತಿಂಗಳುಗಳೋ ಹಿಡಿಯುತ್ತದೆ. ಅಷ್ಟು ದಿನ ಗಂಡ ಒತ್ತಾಯ ಮಾಡಬಾರದು. ತಾಳಿ ಕಟ್ಟಿದ್ದೇನೆ ಅನ್ನುವುದು ಒಪ್ಪಿಗೆ ಅಲ್ಲ. ಅವಳು ಬೇಡ ಅಂದರೆ ಬೇಡ.

ಬೇರೆ ನೋವುಗಳನ್ನು ಬೇಗ ಹೇಳಿಬಿಡುತ್ತೇನೆ. ಸೇರಿದ ಮೇಲೆ ಮೂತ್ರ ಮಾಡುವಾಗ ಉರಿಯುತ್ತಿದ್ದರೆ ಸೋಂಕು ಇರಬಹುದು. ಮುಗಿದ ಮೇಲೆ ಮೂತ್ರ ಮಾಡಿ, ನೀರು ಚೆನ್ನಾಗಿ ಕುಡಿಯಿರಿ, ಉರಿ ಹೋಗದಿದ್ದರೆ ತೋರಿಸಿ. ತುರಿಕೆ, ಮೊಸರಿನಂಥ ಬಿಳಿ ಸೆರಗು ಇದ್ದರೆ ಫಂಗಸ್ ಇರಬಹುದು. ಹೊಟ್ಟೆಯ ಆಳದಲ್ಲಿ ನೋವು, ಜೊತೆಗೆ ಮುಟ್ಟಿನಲ್ಲೂ ತಡೆಯಲಾರದ ನೋವು ಅಂದರೆ ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಕಾಯಿಲೆ, ಇದೆಯಾ ಅಂತ ನೋಡಬೇಕಾಗುತ್ತದೆ. ಪ್ಯಾಡ್ ಬದಲಿಸುತ್ತಲೇ ಇರುವಷ್ಟು ರಕ್ತ ಹೋದರೆ ಬೆಳಗಾಗಲಿ ಅಂತ ಕಾಯಬೇಡಿ, ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ. ಗಂಡಸರೇ, ನಿಮಗೂ ನೋವಾಗಬಹುದು. ಮುಂದೊಗಲು ಹಿಂದೆ ಸರಿಯದಷ್ಟು ಬಿಗಿಯಿದ್ದರೆ, ಅದರ ಕೆಳಗಿನ ಎಳೆ ಹರಿದರೆ ಡಾಕ್ಟರಿಗೆ ತೋರಿಸಿ. ನಾಚಿಕೊಂಡು ಕೂರಬೇಡಿ.

ಡಾಕ್ಟರ ಹತ್ತಿರ ಹೋದ ತಕ್ಷಣ ಒಳಗೆ ಕೈ ಹಾಕಿ ಪರೀಕ್ಷೆ ಮಾಡುತ್ತಾರೆ ಅನ್ನುವ ಭಯಕ್ಕೇ ಎಷ್ಟೋ ಹುಡುಗಿಯರು ಬರುವುದಿಲ್ಲ. ಮೊದಲ ಭೇಟಿಯಲ್ಲಿ ಬರೀ ಮಾತಾಡಿ ಬಂದರೂ ಆಗುತ್ತದೆ. ಲೇಡಿ ಡಾಕ್ಟರೇ ಬೇಕು ಅಂತ ಕೇಳಿ. ಅತ್ತೆ, ಅಮ್ಮ ಹೊರಗೆ ಕೂರಲಿ ಅನ್ನಿ. ಪರೀಕ್ಷೆ ಬೇಕಾದರೂ ನಿಮ್ಮನ್ನು ಕೇಳಿಯೇ ಮಾಡಬೇಕು, ನಡುವೆ ನಿಲ್ಲಿಸಿ ಅಂದರೆ ನಿಲ್ಲಿಸಬೇಕು.

ಈಗ ಚೀಟಿಗಳು ಬರುತ್ತವೆ. ಹೆಸರು ಬರೆಯಬೇಡಿ, ಪ್ರಶ್ನೆ ಮಾತ್ರ ಬರೆಯಿರಿ. ಒಂದೊಂದಾಗಿ ಉತ್ತರಿಸುತ್ತೇನೆ.