ಶಾಲು ಹೊದಿಸಿದ ಮರುದಿನ

ಎಲ್ಲರಿಗೂ ನಮಸ್ಕಾರ.

ಜನವರಿ 14 ಎಂದರೆ ನಮಗೆ ಸಂಕ್ರಾಂತಿ. 1953ರ ಅದೇ ದಿನ ಕೊಡಗಿನ ಕೆ.ಎಂ. ಕಾರ್ಯಪ್ಪನವರು ಸೇನೆಯಿಂದ ನಿವೃತ್ತರಾದರು. 1949ರ ಜನವರಿ 15ರಂದು ಅವರು ಮೊದಲ ಭಾರತೀಯ ಮಹಾದಂಡನಾಯಕರಾಗಿ ಅಧಿಕಾರ ವಹಿಸಿಕೊಂಡರು. ಅದು ಸೇನಾ ದಿನ. ಅವರು ಸಮವಸ್ತ್ರ ಕಳಚಿದ ದಿನ 2016ರಿಂದ ಮಾಜಿ ಸೈನಿಕರ ದಿನ. ಕುರ್ಚಿ ಏರಿದ ದಿನವನ್ನು ಆಚರಿಸುವುದು ಲೋಕರೂಢಿ. ಇಳಿದ ದಿನಕ್ಕೂ ಒಂದು ಆಚರಣೆ ಇರುವುದು ಅಪರೂಪ, ನನಗೆ ಇಷ್ಟವಾದ ಸಂಗತಿ.

ಆ ದಿನ ಊರೂರಲ್ಲಿ ವೇದಿಕೆ ಕಟ್ಟುತ್ತಾರೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ. ಮಾಡಲಿ, ಚೆನ್ನಾಗಿಯೇ ಮಾಡಲಿ. ಮರುದಿನ ಅದೇ ಹಿರಿಯರು ಪಿಂಚಣಿ ಯಾಕೆ ನಿಂತಿತು ಎಂದು ಕೇಳಲು ಕೌಂಟರ್ ಮುಂದೆ ನಿಂತಿರುತ್ತಾರೆ. ಪೇಟ ತೊಡಿಸಿದ ಊರೇ ಅವರಿಗೆ 'ಸರ್ವರ್ ಡೌನ್, ನಾಳೆ ಬನ್ನಿ' ಎನ್ನುತ್ತದೆ. ಇಲ್ಲಿ ಪಂಚಾಯಿತಿ ನೌಕರರಿದ್ದೀರಿ, ಬ್ಯಾಂಕಿನವರಿದ್ದೀರಿ, ಸಾಮಾನ್ಯ ಸೇವಾ ಕೇಂದ್ರ ನಡೆಸುವವರಿದ್ದೀರಿ, ಕಾಲೇಜಿನ ಮಕ್ಕಳಿದ್ದೀರಿ. ಹಾಗಾಗಿ ಇವತ್ತು ದೇಶಭಕ್ತಿಯ ಮಾತು ಕಡಿಮೆ, ಕಾಗದಪತ್ರದ ಮಾತು ಹೆಚ್ಚು.

ಮೊದಲು, ಮಾಜಿ ಸೈನಿಕ ಎಂದರೆ ಯಾರು? ಕೋಲೂರಿ ಬರುವ ಅಜ್ಜ ಎಂದು ಮನಸ್ಸಿನಲ್ಲಿ ಚಿತ್ರವಿದ್ದರೆ ಅಳಿಸಿಬಿಡಿ. ಜವಾನ ದರ್ಜೆಯಲ್ಲಿ ಪಿಂಚಣಿಗೆ ಬೇಕಾದ ಕನಿಷ್ಠ ಸೇವೆ 15 ವರ್ಷ, ಅಧಿಕಾರಿಗಳಿಗೆ 20. ಹದಿನೆಂಟು ಹತ್ತೊಂಬತ್ತಕ್ಕೆ ಸೇರಿದವರು ನಲವತ್ತರ ಆಸುಪಾಸಿಗೆ ಮನೆಗೆ ಬರುತ್ತಾರೆ. ಮಕ್ಕಳು ಇನ್ನೂ ಪ್ರೈಮರಿ ಶಾಲೆಯಲ್ಲಿರುತ್ತಾರೆ, ಮನೆ ಸಾಲ ತೀರಿರುವುದಿಲ್ಲ. ಅವರಿಗೆ ಶಾಲಿಗಿಂತ ಮೊದಲು ಕೆಲಸ ಬೇಕು. ಕೇಂದ್ರದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 10, ಹಿಂದೆ ಗ್ರೂಪ್ ಡಿ ಎನ್ನುತ್ತಿದ್ದ ಹುದ್ದೆಗಳಲ್ಲಿ ಶೇ 20 ಮೀಸಲಾತಿ ಇದೆ. 'ಪದವಿ ಇಲ್ಲವಲ್ಲ' ಎಂದು ಅರ್ಜಿಯನ್ನೇ ಹಾಕದವರು ಬಹಳ. ಎಸ್ಸೆಸ್ಸೆಲ್ಸಿ ಪಾಸಾಗಿ 15 ವರ್ಷ ಸೇವೆ ಮಾಡಿದವರನ್ನು, ಪದವಿ ಕೇಳುವ ತಾಂತ್ರಿಕವಲ್ಲದ ಗ್ರೂಪ್ ಸಿ ಹುದ್ದೆಗಳಿಗೆ ಅರ್ಹರೆಂದು ಪರಿಗಣಿಸಲು ಅವಕಾಶವಿದೆ. ಇದನ್ನು ಹೇಳುವವರಿಲ್ಲದೆ ಎಷ್ಟೋ ಜನ ಸೀದಾ ಸೆಕ್ಯುರಿಟಿ ಕೆಲಸ ಹಿಡಿಯುತ್ತಾರೆ.

ಇನ್ನೊಂದು ಮಾತು. ಬಿಎಸ್‌ಎಫ್, ಸಿಆರ್‌ಪಿಎಫ್‌ನಿಂದ ನಿವೃತ್ತರಾದವರನ್ನೂ ನಾವು ಮಾಜಿ ಸೈನಿಕರೆಂದೇ ಕರೆಯುತ್ತೇವೆ. ಗೌರವಕ್ಕೆ ಯಾವ ಭೇದವೂ ಬೇಡ. ಆದರೆ ಅವು ಗೃಹ ಸಚಿವಾಲಯದ ಪಡೆಗಳು, ಸವಲತ್ತಿನ ದಾರಿಯೇ ಬೇರೆ. ಅವರನ್ನು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಕಳಿಸಿ ಬರಿಗೈಲಿ ವಾಪಸು ಬರುವಂತೆ ಮಾಡಬೇಡಿ. 2022ರಲ್ಲಿ ಶುರುವಾದ ಅಗ್ನಿಪಥದಲ್ಲಿ ನಾಲ್ಕು ವರ್ಷ ದುಡಿದು ಹೊರಬರುವ ಹುಡುಗರಿಗೆ ಪಿಂಚಣಿಯೇ ಇಲ್ಲ. ಅವರನ್ನು ನಾವು ಏನೆಂದು ಕರೆಯುತ್ತೇವೆ, ಹೇಗೆ ನಡೆಸಿಕೊಳ್ಳುತ್ತೇವೆ ಎಂಬುದು ಬೇರೆಯೇ ಒಂದು ಉಪನ್ಯಾಸಕ್ಕಾಗುವಷ್ಟಿದೆ.

ಈಗ ಅಸಲು ವಿಷಯ: ಹೆಸರು. ನಗಬೇಡಿ, ನಮ್ಮ ಕಡೆ ಸೈನಿಕರ ಕುಟುಂಬಗಳನ್ನು ಹೆಚ್ಚು ಸತಾಯಿಸುವುದು ಇದೇ. ನಮ್ಮ ಪದ್ಧತಿಯಲ್ಲಿ ಹೆಸರಿನ ಮುಂದೆ ಇನಿಷಿಯಲ್ ಇರುತ್ತದೆ; ಊರ ಹೆಸರೂ ಆಗಬಹುದು, ಅಪ್ಪನ ಹೆಸರೂ ಆಗಬಹುದು. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು. ಮದುವೆಯಾದ ಮೇಲೆ ಹೆಣ್ಣುಮಕ್ಕಳ ಹೆಸರು ಬದಲಾಗುವುದೂ ಉಂಟು. ಒಂದು ಮಾದರಿ ಕಡತ ನೋಡೋಣ. ಭರ್ತಿಯಾದ ಕಾಲದಲ್ಲಿ ಗುಮಾಸ್ತರು ಹೆಂಡತಿಯ ಹೆಸರನ್ನು 'ಗಂಗವ್ವ' ಎಂದು ಬರೆದಿದ್ದಾರೆ. ಆಧಾರ್‌ನಲ್ಲಿ 'ಗಂಗಾ ಬಸಪ್ಪ ಹೊಸಮನಿ'. ಬ್ಯಾಂಕ್ ಪಾಸ್‌ಬುಕ್‌ನಲ್ಲಿ 'ಗಂಗಾಬಾಯಿ'. ಪಿಂಚಣಿ ಆದೇಶ, ಅಂದರೆ ಪಿಪಿಒದಲ್ಲಿ ಹುಟ್ಟಿದ ದಿನಾಂಕದ ಜಾಗ ಖಾಲಿ. ಊರಿಗೆಲ್ಲ ಆಕೆ ಒಬ್ಬಳೇ ಗಂಗವ್ವ. ಕಂಪ್ಯೂಟರ್‌ಗೆ ಮೂವರು ಹೆಂಗಸರು.

ಗಂಡ ಇರುವವರೆಗೆ ಇದರಿಂದ ಏನೂ ತೊಂದರೆ ಕಾಣುವುದಿಲ್ಲ. ಅವರು ತೀರಿಕೊಂಡ ದಿನದಿಂದ ಶುರು. ಅದಕ್ಕೇ ಈ ತಿದ್ದುಪಡಿಯನ್ನು ಪಿಂಚಣಿದಾರರೇ ಬದುಕಿದ್ದಾಗ ಮಾಡಿಸಬೇಕು. ಅರ್ಜಿಗೆ ಅವರೇ ಸಹಿ ಹಾಕಬಲ್ಲರು, ಇವಳೇ ನನ್ನ ಹೆಂಡತಿ ಎಂದು ಅವರೇ ಹೇಳಬಲ್ಲರು. ಅರ್ಜಿ, ಅಫಿಡವಿಟ್, ಇಬ್ಬರ ಆಧಾರ್ ಮತ್ತು ಪ್ಯಾನ್ ಪ್ರತಿ, ಪಿಪಿಒ ಪ್ರತಿ, ಡಿಸ್ಚಾರ್ಜ್ ಬುಕ್‌ನಲ್ಲಿ ಕುಟುಂಬದ ವಿವರವಿರುವ ಪುಟದ ಪ್ರತಿ. ಹೆಸರು ಪೂರ್ತಿ ಬದಲಾಗುವುದಿದ್ದರೆ ಪತ್ರಿಕಾ ಜಾಹೀರಾತನ್ನೂ ಕೇಳುತ್ತಾರೆ. ಇದು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಅವರ ದಳದ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಹೋಗಬೇಕು. ಮರಾಠಾ ಲಘು ಪದಾತಿದಳದವರಿಗೆ ಬೆಳಗಾವಿ, ಮದ್ರಾಸ್ ಎಂಜಿನಿಯರ್ ಗ್ರೂಪಿನವರಿಗೆ ಬೆಂಗಳೂರು, ಮದ್ರಾಸ್ ರೆಜಿಮೆಂಟಿಗೆ ವೆಲಿಂಗ್ಟನ್, ಫಿರಂಗಿದಳಕ್ಕೆ ನಾಸಿಕ್ ರೋಡ್, ಯಂತ್ರೋಪಕರಣ ನೋಡಿಕೊಳ್ಳುವ ಇಎಂಇ ದಳಕ್ಕೆ ಸಿಕಂದರಾಬಾದ್. ತಿದ್ದುಪಡಿಯಾದ ಮೇಲೆ ಹೊಸ ಆದೇಶ ಬರುತ್ತದೆ. ಅದಕ್ಕೆ ಕಾರಿಜೆಂಡಮ್ ಪಿಪಿಒ ಎನ್ನುತ್ತಾರೆ. ಅದು ಕೈಗೆ ಬರುವವರೆಗೆ ಕೆಲಸ ಮುಗಿದಿಲ್ಲ. ಅರ್ಜಿ ಕಳಿಸಿದ ರಸೀದಿ ಹಿಡಿದು ನಿಶ್ಚಿಂತರಾಗುವುದೇ ಇಲ್ಲಿ ಜನ ಮಾಡುವ ತಪ್ಪು.

ಎರಡನೆಯದು ಲೈಫ್ ಸರ್ಟಿಫಿಕೇಟ್. ವರ್ಷಕ್ಕೊಮ್ಮೆ 'ನಾನು ಬದುಕಿದ್ದೇನೆ' ಎಂದು ತೋರಿಸಬೇಕು. ಬಹುತೇಕರಿಗೆ ನವೆಂಬರ್, 80 ದಾಟಿದವರು ಅಕ್ಟೋಬರ್‌ನಿಂದಲೇ ಕೊಡಬಹುದು. ರಕ್ಷಣಾ ಪಿಂಚಣಿ ಈಗ ಸ್ಪರ್ಶ್ ವ್ಯವಸ್ಥೆಯಲ್ಲಿ ಪ್ರಯಾಗ್‌ರಾಜ್‌ನ ಪಿಂಚಣಿ ಲೆಕ್ಕಪತ್ರ ಕಚೇರಿಯಾದ ಪಿಸಿಡಿಎಯಿಂದ ನೇರ ಖಾತೆಗೆ ಬೀಳುತ್ತದೆ. ತಪ್ಪಾಗುವುದು ಇಲ್ಲೇ. ಜೀವನ್ ಪ್ರಮಾಣ್ ಆ್ಯಪ್‌ನಲ್ಲಿ ಪಿಂಚಣಿ ಕೊಡುವ ಸಂಸ್ಥೆ ಯಾವುದು ಎಂದು ಕೇಳಿದಾಗ, ಹಣ ಬರುವುದು ಬ್ಯಾಂಕಿಗೆ ಅಲ್ಲವೇ ಎಂದು ನಮ್ಮ ಹುಡುಗರು ಬ್ಯಾಂಕಿನ ಹೆಸರು ಒತ್ತಿಬಿಡುತ್ತಾರೆ. ಪ್ರಮಾಣಪತ್ರ ಸಿದ್ಧವಾಗುತ್ತದೆ, ಮೊಬೈಲ್‌ಗೆ ಸಂದೇಶವೂ ಬರುತ್ತದೆ. ಆದರೆ ಅದು ತಲುಪಬೇಕಾದ ಕಡೆ ತಲುಪಿರುವುದಿಲ್ಲ. ಕೆಲವು ತಿಂಗಳ ಬಳಿಕ ಪಿಂಚಣಿ ನಿಲ್ಲುತ್ತದೆ. ಆಯ್ಕೆ ಮಾಡಬೇಕಾದ್ದು 'ಸ್ಪರ್ಶ್, ಪಿಸಿಡಿಎ ಪೆನ್ಷನ್ಸ್' ಎಂದು. ಪಿಪಿಒ ಸಂಖ್ಯೆಯ ಒಂದು ಅಂಕಿ ತಪ್ಪಿದರೂ ಇದೇ ಗತಿ.

ಇನ್ನು ಬೆರಳಚ್ಚು. ಹೊಲದಲ್ಲಿ ದುಡಿದ ಕೈ, ಎಪ್ಪತ್ತೈದರ ವಯಸ್ಸು, ಗೆರೆಗಳೆಲ್ಲ ಸವೆದಿರುತ್ತವೆ. ಹತ್ತು ಸಲ ಒತ್ತಿಸಿ ಸುಸ್ತು ಮಾಡಬೇಡಿ. ಮುಖ ತೋರಿಸಿ ದೃಢೀಕರಿಸುವ ಸೌಲಭ್ಯ ಇದೆ, ಆಧಾರ್ ಫೇಸ್ ಆರ್‌ಡಿ ಎಂಬ ಆ್ಯಪ್ ಹಾಕಿಕೊಂಡರೆ ನಿಮ್ಮ ಫೋನ್ ಸಾಕು. ಬೆಳಕು ಮುಖದ ಮೇಲೆ ಬೀಳಲಿ, ಬೆನ್ನ ಹಿಂದೆ ಕಿಟಕಿ ಬೇಡ, ಕನ್ನಡಕ ತೆಗೆಸಿ, ಕಣ್ಣು ಮಿಟುಕಿಸಲು ಹೇಳಿ. ಹಾಸಿಗೆ ಹಿಡಿದವರ ಮನೆಗೇ ಹೋಗಿ ಐದು ನಿಮಿಷದಲ್ಲಿ ಮುಗಿಸಬಹುದು. ಆಮೇಲೆ ಒಂದು ವಾರ ಬಿಟ್ಟು ಸ್ಪರ್ಶ್ ಖಾತೆಯಲ್ಲಿ ಮುಂದಿನ ಗುರುತಿನ ದಿನಾಂಕ, ಅಂದರೆ ಮತ್ತೆ ಲೈಫ್ ಸರ್ಟಿಫಿಕೇಟ್ ಕೊಡಬೇಕಾದ ದಿನ, ಬದಲಾಗಿದೆಯೇ ನೋಡಿ. ಅದು ಒಂದು ವರ್ಷ ಮುಂದೆ ಹೋಗಿದ್ದರೆ ಮಾತ್ರ ಕೆಲಸ ಆಗಿದೆ. ಕಾಲೇಜಿನ ಎನ್‌ಸಿಸಿ ಹುಡುಗರು ನವೆಂಬರ್‌ನಲ್ಲಿ ಎರಡು ಭಾನುವಾರ ಇದಕ್ಕೆ ಕೊಟ್ಟರೆ ಒಂದು ಹೋಬಳಿ ಮುಗಿದುಹೋಗುತ್ತದೆ.

ಮೂರನೆಯದು ಸಾವಿನ ನಂತರದ್ದು. ಮರಣ ನೋಂದಣಿ 21 ದಿನದೊಳಗೆ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶಕ್ಕೆ ಅಲೆಯಬೇಕು. ನೋಂದಣಿಯಲ್ಲಿ ಸತ್ತವರ ಹೆಸರು ಪಿಪಿಒದಲ್ಲಿ ಇರುವಂತೆಯೇ ಇರಲಿ. ಪಂಚಾಯಿತಿಯವರೇ, ಇದು ನಿಮ್ಮ ಪೆನ್ನಿನ ತುದಿಯಲ್ಲಿದೆ: ಮನೆಯಲ್ಲಿ ಕರೆಯುವ ಹೆಸರು ಬರೆದುಕೊಳ್ಳಬೇಡಿ, ಪಿಪಿಒ ತರಿಸಿ ನೋಡಿ ಬರೆಯಿರಿ. ನಂತರ ಸ್ಪರ್ಶ್‌ನಲ್ಲಿ ಮರಣ ವರದಿ ಮಾಡಿ ಕುಟುಂಬ ಪಿಂಚಣಿ ಶುರು ಮಾಡಿಸಬೇಕು. 'ಹೇಗೂ ಎಟಿಎಂ ಕಾರ್ಡ್ ಇದೆ' ಎಂದು ಮಕ್ಕಳು ಸುಮ್ಮನೆ ಹಣ ತೆಗೆಯುತ್ತಾ ಹೋದರೆ, ಹೆಚ್ಚುವರಿ ಬಂದದ್ದನ್ನೆಲ್ಲ ಆ ತಾಯಿಯ ಪಿಂಚಣಿಯಿಂದಲೇ ಮುರಿದುಕೊಳ್ಳುತ್ತಾರೆ.

ಮೊತ್ತದ ಬಗ್ಗೆಯೂ ಗೊಂದಲವಿದೆ. ಸಾಮಾನ್ಯ ಕುಟುಂಬ ಪಿಂಚಣಿ ಕೊನೆಯ ವೇತನದ ಶೇ 30. ನಿವೃತ್ತಿಯ ನಂತರ ತೀರಿಕೊಂಡರೆ ಮೊದಲ ಏಳು ವರ್ಷ, ಅಥವಾ ಅವರಿಗೆ 67 ತುಂಬಬೇಕಿದ್ದ ದಿನದವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಹೆಚ್ಚಿನ ದರ. ಅದು ಶೇ 50ರ ಲೆಕ್ಕ, ಆದರೆ ಅವರು ಪಡೆಯುತ್ತಿದ್ದ ಪಿಂಚಣಿಯನ್ನು ಮೀರುವಂತಿಲ್ಲ. 58ಕ್ಕೆ ಹೋದರೆ ಪೂರ್ತಿ ಏಳು ವರ್ಷ. 63ಕ್ಕೆ ಹೋದರೆ ನಾಲ್ಕೇ ವರ್ಷ. 70ರಲ್ಲಿ ಹೋದರೆ ಮೊದಲ ದಿನದಿಂದಲೇ ಶೇ 30. ಹೆಚ್ಚಿನ ಅವಧಿ ಮುಗಿದ ತಿಂಗಳು ಮೊತ್ತ ಧುತ್ತೆಂದು ಇಳಿಯುತ್ತದೆ. ಆಗ ಆ ತಾಯಿ 'ಯಾರೋ ನನ್ನ ದುಡ್ಡು ಹೊಡೆದರು' ಎಂದು ಬ್ಯಾಂಕಿಗೆ ಓಡಿಬರುತ್ತಾರೆ. ಬ್ಯಾಂಕಿನವರು ಅವರನ್ನು ಕೂರಿಸಿ, ನೀರು ಕೊಟ್ಟು, ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ತೋರಿಸಿದರೆ ಸಾಕು.

ಇಲ್ಲಿ 'ಹುತಾತ್ಮ' ಎಂಬ ಪದದ ಬಗ್ಗೆ ಸ್ವಲ್ಪ ಹೇಳಬೇಕು. ಕರ್ತವ್ಯದಲ್ಲಿದ್ದಾಗ ಸೈನಿಕ ತೀರಿಕೊಂಡರೆ ಪತ್ರಿಕೆ, ಫ್ಲೆಕ್ಸ್, ಭಾಷಣ, ಎಲ್ಲೆಡೆ ಅದೇ ಪದ. ಸೇನೆಯ ಕಡತದಲ್ಲಿ ಆ ಪದ ಇಲ್ಲ. ಅಲ್ಲಿ ಕೇಳುವುದು: ಇದು ಬ್ಯಾಟಲ್ ಕ್ಯಾಶುವಾಲ್ಟಿಯೇ, ಅಂದರೆ ಕಾದಾಟದಲ್ಲಾದ ಸಾವೇ, ಸೇವೆಯ ಕಾರಣದಿಂದಾದ ಸಾವೇ, ಅಥವಾ ಸೇವೆಗೆ ಸಂಬಂಧವಿಲ್ಲದ್ದೇ? ಮೊದಲನೆಯದಾದರೆ ಕುಟುಂಬಕ್ಕೆ ಕೊನೆಯ ವೇತನದ ಶೇ 100, ಎರಡನೆಯದಾದರೆ ಶೇ 60, ಮೂರನೆಯದಾದರೆ ಸಾಮಾನ್ಯ ಕುಟುಂಬ ಪಿಂಚಣಿ. ಶವಯಾತ್ರೆಯಲ್ಲಿ ಸಾವಿರಾರು ಜನ ಸೇರಿ ಘೋಷಣೆ ಕೂಗಿರುತ್ತಾರೆ. ಆರು ತಿಂಗಳ ಮೇಲೆ ಬಂದ ಇಂಗ್ಲಿಷ್ ಪತ್ರದಲ್ಲಿ ಯಾವ ವರ್ಗ ಬರೆದಿದೆ ಎಂದು ಓದಿ ಹೇಳಲು ಒಬ್ಬರೂ ಇರುವುದಿಲ್ಲ. ವರ್ಗ ತಪ್ಪೆನಿಸಿದರೆ ಮೇಲ್ಮನವಿಗೆ ಅವಕಾಶವಿದೆ, ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಆ ಪತ್ರವನ್ನು ದೇವರ ಪಟದ ಹಿಂದೆ ಸಿಕ್ಕಿಸಿಡಲು ಬಿಡಬೇಡಿ.

ಅಂಗವೈಕಲ್ಯ ಪಿಂಚಣಿಯ ಕಥೆಯೂ ಹೀಗೆಯೇ. ಬಿಡುಗಡೆಯ ವೈದ್ಯಕೀಯ ಮಂಡಳಿ ಎರಡು ವಿಷಯ ಬರೆಯುತ್ತದೆ: ಶೇಕಡಾ ಎಷ್ಟು, ಮತ್ತು ಇದಕ್ಕೆ ಸೇವೆ ಕಾರಣವೇ ಅಥವಾ ಸೇವೆಯಿಂದ ಉಲ್ಬಣಿಸಿತೇ. ಎರಡನೆಯದಕ್ಕೆ 'ಇಲ್ಲ' ಎಂದು ಬರೆದರೆ ಶೇಕಡಾ ಎಷ್ಟಿದ್ದರೂ ಆ ಪಿಂಚಣಿ ಸಿಗುವುದಿಲ್ಲ. 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಸರಳ ಮಾತು ಹೇಳಿತು: ಭರ್ತಿಯಾಗುವಾಗ ಕಾಯಿಲೆ ಇತ್ತೆಂದು ದಾಖಲಾಗಿಲ್ಲದಿದ್ದರೆ ಅದು ಸೇವೆಯಿಂದ ಬಂದದ್ದೆಂದೇ ಮೊದಲು ಭಾವಿಸಬೇಕು; ಅಲ್ಲ ಎನ್ನುವುದಾದರೆ ಮಂಡಳಿ ಕಾರಣ ಬರೆಯಬೇಕು. ಆದ್ದರಿಂದ ತಿರಸ್ಕೃತರಾದವರು ಮೊದಲು ಮಂಡಳಿಯ ನಡಾವಳಿಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಪಡೆದು, ಕಾರಣದ ಕಾಲಂನಲ್ಲಿ ಏನಿದೆ ನೋಡಲಿ. ತಡ ಮಾಡಿದರೆ ಹಕ್ಕು ಹೋಗದಿದ್ದರೂ ಹಣ ಹೋಗುತ್ತದೆ. ಬಾಕಿಯನ್ನು ಸಾಮಾನ್ಯವಾಗಿ ಅರ್ಜಿಗಿಂತ ಹಿಂದಿನ ಮೂರು ವರ್ಷಕ್ಕೆ ಮಾತ್ರ ಕೊಡಿಸುತ್ತಾರೆ.

ಇಸಿಎಚ್‌ಎಸ್ ಎಂಬ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಚಿಕಿತ್ಸೆಯ ಬಗ್ಗೆ ಒಂದೇ ಎಚ್ಚರಿಕೆ. ಎದೆನೋವು ಬಂದಾಗ ಹತ್ತಿರದ ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿ ಇಲ್ಲದಿದ್ದರೂ ಸೇರಿಸಿ, ಜೀವ ಮೊದಲು. ಆದರೆ 48 ಗಂಟೆಯೊಳಗೆ ಯೋಜನೆಯ ಹತ್ತಿರದ ಪಾಲಿಕ್ಲಿನಿಕ್‌ಗೆ ತಿಳಿಸಬೇಕು. ಆ ಫೋನ್ ಮಾಡಲು ಮರೆತದ್ದರಿಂದಲೇ ಲಕ್ಷಾಂತರ ರೂಪಾಯಿಯ ಬಿಲ್ ಮನೆಯವರ ತಲೆಮೇಲೆ ಬೀಳಬಹುದು. ಪಾಲಿಕ್ಲಿನಿಕ್‌ನ ನಂಬರ್ ಗೋಡೆಯ ಕ್ಯಾಲೆಂಡರ್ ಮೇಲೆ ದಪ್ಪಕ್ಷರದಲ್ಲಿ ಇರಲಿ.

ಪಿಂಚಣಿಯೇ ಇಲ್ಲದ ಹಿರಿಯರೂ ಇದ್ದಾರೆ. 15 ವರ್ಷ ತುಂಬುವ ಮೊದಲೇ ಹೊರಬಂದವರು, ಅವರ ವಿಧವೆಯರು. 65 ದಾಟಿ, ನಿಯಮಿತ ಆದಾಯವಿಲ್ಲದ ಇಂಥವರಿಗೆ ಕೇಂದ್ರೀಯ ಸೈನಿಕ ಮಂಡಳಿಯಿಂದ ಮಾಸಿಕ ಸಹಾಯವಿದೆ. 2025ರ ನವೆಂಬರ್ 1ರಿಂದ ಸಲ್ಲಿಸುವ ಅರ್ಜಿಗಳಿಗೆ ಅದು 4,000ದಿಂದ 8,000 ರೂಪಾಯಿಗೆ ಏರಿದೆ. ಇದರ ಮೂಲ ಧ್ವಜ ದಿನದ ನಿಧಿ. 1949ರಿಂದ ಪ್ರತಿ ಡಿಸೆಂಬರ್ 7ರಂದು ಕೆಂಪು, ಕಡುನೀಲಿ, ತಿಳಿನೀಲಿಯ ಪುಟ್ಟ ಧ್ವಜ ಅಂಗಿಗೆ ಚುಚ್ಚುತ್ತಾರಲ್ಲ, ಅದೇ. ಶಾಲೆಯಲ್ಲಿ ನೀವು ಕೊಟ್ಟ ಚಿಲ್ಲರೆ ಎಲ್ಲಿಗೆ ಹೋಯಿತು ಎಂದು ಕೇಳಿದರೆ, ಹೇಳಲು ಒಂದು ಉತ್ತರವಿದೆ.

ಸನ್ಮಾನ ಮಾಡುವವರಿಗೆ ಎರಡು ಮಾತು. ದರ್ಜೆ ನಿವೃತ್ತವಾಗುವುದಿಲ್ಲ, 'ನಿವೃತ್ತ' ಎಂಬುದು ಹೆಸರಿನ ನಂತರ ಬರಲಿ, ಸುಬೇದಾರ್ ಎಂಬುದರ ಮುಂದೆ ಬೇಡ. ವೇದಿಕೆಯ ಮೇಲೆ 'ಎಷ್ಟು ಜನರನ್ನು ಹೊಡೆದಿರಿ' ಎಂದು ಕೇಳಬೇಡಿ. ಸೇನೆಯಲ್ಲಿ ಅಡುಗೆಯವರಿದ್ದಾರೆ, ಡ್ರೈವರ್‌ಗಳಿದ್ದಾರೆ, ಗುಮಾಸ್ತರಿದ್ದಾರೆ, ನರ್ಸಿಂಗ್ ಸಹಾಯಕರಿದ್ದಾರೆ. ಯಾವ ಟ್ರೇಡ್, ಎಲ್ಲೆಲ್ಲಿ ಇದ್ದಿರಿ ಎಂದು ಕೇಳಿ, ಮಾತು ತಾನಾಗಿ ಬರುತ್ತದೆ. ಹನ್ನೊಂದಕ್ಕೆಂದು ಕರೆದು ಶಾಸಕರು ಬರುವವರೆಗೆ ಎಂಬತ್ತರ ಹಿರಿಯರನ್ನು ಬಿಸಿಲಲ್ಲಿ ಕೂರಿಸುವುದು ಸನ್ಮಾನವಲ್ಲ, ಶಿಕ್ಷೆ.

ನನ್ನ ಸಮಯ ಮುಗಿಯಿತು. ಪಿಪಿಒ ತಂದಿರುವವರು ಇಲ್ಲಿಯೇ ಇರಿ, ಬಲಗಡೆಯ ಮೇಜಿಗೆ ಬನ್ನಿ. ಆಧಾರ್ ಕಾರ್ಡನ್ನೂ ಪಕ್ಕಕ್ಕಿಟ್ಟುಕೊಳ್ಳಿ. ಮೊದಲು ಮನೆಯವರ ಹೆಸರಿನ ಸಾಲು ನೋಡೋಣ.